ಹೆಣಿಗೆ

ಫುನ್ನಿಂಗುರ್ ಇಳಿಜಾರಿನ ನಾಲ್ಕನೇ ತಿರುವಿನಲ್ಲಿ
ಮಂಜಿನೊಳಗಿಂದ ಎದ್ದು ಬಂತು ಕುರಿ.
ತುಳಿದೆ. ಪೆಡಲು ಇಳಿಯಿತು, ಇಳಿಯಿತು,
ನೆನೆದ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ,
ಆಮೇಲೆ ಎಲ್ಲೋ ಆಳದಲ್ಲಿ ಹಿಡಿಯಿತು ಬ್ರೇಕು.
ಎರಡು ಮೊಳ ತಡವಾಗಿ.

ಕಿವಿಯ ಕಚ್ಚು ನೋಡಿ ಗುರುತಾಯಿತು:
ಬಲಗಿವಿಯ ತುದಿ ಸೀಳು, ಎಡಗಿವಿ ಪೂರ್ತಿ.
ಮಾರ್ಯುನಳ ಮಂದೆಯದು.
ದುಡ್ಡು ಕೊಟ್ಟೆ. ಎಣಿಸಿಕೊಂಡಳು.
ಎಣಿಸಿ ಮುಗಿದ ಮೇಲೆ, "ಕಾರಿಗೇನಾಗಿದೆ?" ಅಂದಳು,
ಮನೆಮಂದಿಯ ಕಾಯಿಲೆ ವಿಚಾರಿಸುವ ದನಿಯಲ್ಲಿ.

ಕಾರಿಗೆ ಇಪ್ಪತ್ತೊಂಬತ್ತು ವರ್ಷ.
ಮುಂಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ
ರಬ್ಬರ್ ಕೊಳವೆಗಳಿಗೂ ಅಷ್ಟೇ.
ಗ್ಯಾರೇಜಿನಲ್ಲಿ ನಾನು ತುಳಿಯುತ್ತಿದ್ದೆ,
ಸುನ್ವೋರ್ ಅಡಿಯಲ್ಲಿ ಮಲಗಿ
ನಾಡಿ ನೋಡುವಂತೆ ಎರಡು ಬೆರಳಿಟ್ಟಿದ್ದಳು.
"ಉಬ್ಬುತ್ತಿದೆ, ಹಾಡುವ ಮುಂಚೆ ಪಾದ್ರಿಯ ಗಂಟಲಿನಂತೆ.
ನಿನ್ನ ಕಾಲು ಕೊಟ್ಟದ್ದನ್ನು
ದಾರಿಯಲ್ಲೇ ತಿಂದುಬಿಡುತ್ತೆ."

ಮೂರು ಪೊಟ್ಟಣ ಬಂದವು ಹಡಗಿನಲ್ಲಿ.
ಒಂದು ಮತ್ತೆ ರಬ್ಬರು: ಹೊಸದು, ಕಪ್ಪು, ಕಪಟವಿಲ್ಲದ್ದು,
ಮುಪ್ಪು ಬಂದರೆ ಬಿರುಕುಬಿಟ್ಟು ಹೇಳಿಕೊಳ್ಳುವಂಥದ್ದು.
ಇನ್ನೊಂದು ಉಕ್ಕಿನೆಳೆಯ ಹೆಣಿಗೆ, ಅಗ್ಗ,
ಮದುವೆಮನೆಯ ಚಮಚದ ಹೊಳಪು;
ತುದಿಯ ತಿರುಪು ಮಾತ್ರ ಸತು ಬಳಿದ ಸಾದಾ ಕಬ್ಬಿಣ.
ನಡುವೆ ಥಳಕು, ತುದಿಯಲ್ಲಿ ಹುಳುಕು.
ನಮ್ಮ ಉಪ್ಪುಗಾಳಿಗೆ ಎರಡು ಚಳಿಗಾಲ ಸಾಕು ಅದಕ್ಕೆ.
ಮತ್ತೊಂದು, ತುದಿಯಿಂದ ತುದಿಗೂ ತುಕ್ಕು ಹಿಡಿಯದ ಉಕ್ಕು,
ಮೈಮೇಲೆ ಗಾಜಿನಂಥ ಪ್ಲಾಸ್ಟಿಕ್ ಪೊರೆ.
ಬೆಲೆ ಹೆಚ್ಚುಕಡಿಮೆ
ಮಾರ್ಯುನಳ ಕುರಿಯದ್ದೇ.

ಮೂರನ್ನೂ ಜೇಬಿಗೆ ತುರುಕಿಕೊಂಡು
ಬಂದರಿಗೆ ಹೋದೆ, ಬಲೆ ಹೆಣೆಯುವ ಐಬ್ಯೋರ್ನ್ ಬಳಿ.
ಯಾಕೆ ಅಂತ ಕೇಳಬೇಡಿ, ಆತ ಕಾರು ಓಡಿಸಿದವನೇ ಅಲ್ಲ.
ಹೆಣಿಗೆ ಕಂಡದ್ದೇ ಕನ್ನಡಕ ಹಣೆಗೇರಿತು.
ಉಗುರಲ್ಲಿ ಒಂದೆಳೆ ಎಬ್ಬಿಸಲು ನೋಡಿದ, ಏಳಲಿಲ್ಲ.
"ಎಣ್ಣೆ ಹಿಡಿದಿಡುವುದು ಇದೇನಾ?"
ಅಲ್ಲ, ಒಳಗೊಂದು ಟೆಫ್ಲಾನ್ ನಳಿಕೆ ಇದೆ.
ಅದು ಉಬ್ಬದಂತೆ ಅವುಚಿಕೊಂಡಿರುತ್ತದೆ ಇದು, ಅಷ್ಟೇ.
"ಒಳಗಿನದು ನೊಂದರೆ ಕಾಣುವುದು ಹೇಗೆ?"
ಕಾಣುವುದಿಲ್ಲ.

ಗೋಡೆಯಾಚೆ ಯಾವುದೋ ದೋಣಿ ಕೊರಡಿಗೆ ಉಜ್ಜುತ್ತಿತ್ತು.
"ನಮ್ಮಣ್ಣ ಹಾಗೇ ಇದ್ದ," ಅಂದ ಐಬ್ಯೋರ್ನ್,
"ಒಂದು ದಿನ ಉಬ್ಬಲಿಲ್ಲ, ಒಂದು ಬಿರುಕು ತೋರಲಿಲ್ಲ."
ಮುಂದೆ ಹೇಳಲಿಲ್ಲ.
ಅಗ್ಗದ ಕೊಳವೆಯನ್ನು ಎತ್ತಿ
ಮೇಜಿನ ಅಂಚಿಗೆ ನಾಲ್ಕು ಸಲ ಎಳೆದ.
ಮರದಲ್ಲಿ ಗೀರು ಬಿತ್ತು, ನೆಲಕ್ಕೆ ಹೊಟ್ಟು ಉದುರಿತು.
"ನೋಡು, ಗರಗಸ. ತಗುಲಿದ್ದನ್ನೆಲ್ಲ ಕೊಯ್ಯುತ್ತೆ.
ಪೊರೆ ಇರುವುದನ್ನೇ ಹಾಕಿಸು.
ಹಾಕಿಸಿ ಮರೆಯಬೇಡ. ವರ್ಷಕ್ಕೊಮ್ಮೆ
ನೀನೇ ಬಗ್ಗಿ ನೋಡು,
ಅದಾಗಿ ಬಾಯಿಬಿಟ್ಟೀತು ಅಂತ ಕಾಯಬೇಡ."

ಶನಿವಾರ ಸುನ್ವೋರ್ ಕಾರನ್ನು ಎತ್ತಿ ನಿಲ್ಲಿಸಿದಳು.
ಚಕ್ರ ಪೂರಾ ಎಡಕ್ಕೆ, ಪೂರಾ ಬಲಕ್ಕೆ,
ಕೊಳವೆ ಬಿಗಿಯಲೂ ಇಲ್ಲ, ಟಯರಿಗೆ ಸವರಲೂ ಇಲ್ಲ.
ತಾಮ್ರದ ಬಿಲ್ಲೆಗಳು ಹೊಸವು, ಹಳೆಯವು ಕಸಕ್ಕೆ.
"ತುಳಿ." ತುಳಿದೆ. "ಹಿಡಿ." ಹಿಡಿದೆ. "ಬಿಡು."
ಸೀಸೆಯಲ್ಲಿ ಗುಳ್ಳೆಗಳು,
ಕಂದು ನೀರು, ಮತ್ತೆ ಗುಳ್ಳೆ,
ಮತ್ತೆ ಜೇನಿನ ಬಣ್ಣ, ಗುಳ್ಳೆಯಿಲ್ಲದ್ದು.
ಆಗ ಪೆಡಲು ಕಾಲಿಗೆ ಎದುರಾಡಿತು,
ಸಣ್ಣಗೆ, ಗಟ್ಟಿಯಾಗಿ,
ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ.

ಮನೆಗೆ ಬರುವಾಗ ಮಂಜು, ಅದೇ ನಾಲ್ಕನೇ ತಿರುವು.
ನಡುರಸ್ತೆಯಲ್ಲಿ ಮೆಲುಕು ಹಾಕುತ್ತ ನಿಂತಿತ್ತೊಂದು,
ಬಲಗಿವಿ ಸೀಳು, ಎಡಗಿವಿ ಪೂರ್ತಿ.
ಒಂದು ಮಾರು ದೂರದಲ್ಲೇ ನಿಂತೆ.
ಹಾರ್ನ್ ಒತ್ತಲಿಲ್ಲ. ಎಂಜಿನ್ ಆರಿಸಿದೆ.
ಅದು ನನ್ನನ್ನು ನೋಡಿತು, ಅವಸರವೇನಿರಲಿಲ್ಲ ಅದಕ್ಕೆ.
ಕಾರು ನಿಂತು ಎಷ್ಟೋ ಹೊತ್ತಾದರೂ
ನನ್ನ ಕಾಲು
ಪೆಡಲಿನ ಮೇಲೇ ಇತ್ತು.