ಸುಣ್ಣದ ಗೀಟು

ಬಂದರು ರಸ್ತೆಯ ಈ ಅಂಗಡಿಗೆ
ಸತ್ತ ಫ್ಯಾನುಗಳು ಬರುತ್ತವೆ, ರೆಕ್ಕೆ ಕಳಚಿಕೊಂಡು.
ಮೂವತ್ತೊಂದು ವರ್ಷ ತಾಮ್ರದ ತಂತಿ ಸುತ್ತಿದ್ದೇನೆ,
ವಾರ್ನಿಶ್ ವಾಸನೆ ಈಗ ನನ್ನ ಬೆವರಿನದೇ.

ಮೇಲಿನ ಕೋಣೆಯ ಬಾಡಿಗೆಯವಳು ಸುಗಂಧಿ
ಕೊಣಾಜೆಯಲ್ಲಿ ಎಂತದೋ ಸಂಶೋಧನೆ.
ಮೊನ್ನೆ ಫ್ಯಾನು ಹೊತ್ತು ಇಳಿದಳು:
"ನಿಧಾನ ಆಗಿದೆ ಲಾದ್ರು ಬಾಬ್, ನನ್ನ ನಕ್ಷತ್ರದ ಹಾಗೆ."

ನಕ್ಷತ್ರಕ್ಕೂ ಬೇರಿಂಗ್ ಉಂಟಾ ಎಂದೆ.
ನಗಲಿಲ್ಲ. ಸ್ಟೂಲಿನಲ್ಲಿ ಕೂತು ಹೇಳಿದಳು:
ಉಳ್ಳಾಲದಿಂದ ಸುರತ್ಕಲ್ಲಿಗೆ ಎಷ್ಟೋ ಅಷ್ಟೇ ಅಗಲ,
ತೂಕದಲ್ಲಿ ನಮ್ಮ ಸೂರ್ಯನಿಗಿಂತ ಒಂದು ಕೈ ಮೇಲೆ.
ಏಳು ಸೆಕೆಂಡಿಗೆ ಒಂದು ಸುತ್ತು.
ಅದರ ಅಯಸ್ಕಾಂತವೇ ಅದಕ್ಕೆ ಬ್ರೇಕು.

ಹಳೆಯ ಸ್ಪೀಕರಿನಿಂದ ಕಿತ್ತದ್ದನ್ನು ತೋರಿಸಿದೆ,
ಮೊಳೆ, ಸ್ಕ್ರೂ, ಮುರಿದ ಬ್ಲೇಡು ಕಚ್ಚಿಕೊಂಡದ್ದು.
ಅಂಗೈಯಲ್ಲಿಟ್ಟು ನೋಡಿ
"ಇದರ ಮುಂದೆ ಎಷ್ಟು ಸೊನ್ನೆ ಬರೆದರೂ" ಎಂದು ನಿಲ್ಲಿಸಿದಳು.

ಒಳಗಿನ ಬಲ ತಿರುಚಿ ತಿರುಚಿ
ಒಂದು ದಿನ ತೊಗಟೆ ತಾಳುವುದಿಲ್ಲವಂತೆ.
ಬಿರಿಯುತ್ತದೆ. ಎಕ್ಸ್‌ರೇ ಉಕ್ಕುತ್ತದೆ, ಸಾವಿರ ಪಾಲು,
ಆಮೇಲೆ ತಿಂಗಳುಗಟ್ಟಲೆ ಆರುತ್ತ ಬರುತ್ತದೆ,
ಒಲೆಯಿಂದ ಇಳಿಸಿದ ಗಂಜಿಯ ಪಾತ್ರೆಯ ಹಾಗೆ.
ಆ ಬೆಳಕು ನಮ್ಮ ಗಾಳಿ ದಾಟಿ ಇಳಿಯುವುದಿಲ್ಲ;
ಮೇಲಿನ ಉಪಗ್ರಹ ಎಣಿಸಿ ಕಳಿಸಿದ ಅಂಕಿಗಳನ್ನು
ಕರೆಂಟು ಇದ್ದ ರಾತ್ರಿ ಇವಳು ಕೂಡಿಸುತ್ತಾಳೆ.

"ಬಿರಿದಾಗ ತಿರುಗುವುದು ಚೂರು ಜೋರಾಗುವುದೇ ಹೆಚ್ಚು.
ನನ್ನದು ನಿಧಾನ ಆಯಿತು. ಒಂದೇ ಸಲಕ್ಕೆ."
ಯಾಕೆ?
"ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಅಷ್ಟು ಓದಿದವಳು ಗೊತ್ತಿಲ್ಲ ಅಂದದ್ದು
ನನಗೆ ಬಹಳ ಹಿತವಾಯಿತು.

ಹೋದ ಮೇ ತಿಂಗಳ ಸೆಕೆಯಲ್ಲಿ,
ಹನ್ನೆರಡು ಫ್ಯಾನಿನ ದುಡ್ಡು ಎರಡು ವರ್ಷ ಇಟ್ಟುಕೊಂಡ
ಲಾಡ್ಜಿನವನ ಮೇಲೆ ನಾನು,
ಇಗರ್ಜಿಯ ಹಾಡಿಗೂ ದನಿ ಎತ್ತದವನು,
ಮೀನಿನ ಲಾರಿಗಳು ನಿಲ್ಲುವ ಹಾಗೆ ಕೂಗಿದ್ದೆ.
ದುಡ್ಡು ಬಂತು. "ಇನ್ನು ನೀವು ಹಗುರ ಮಾರಾಯ್ರೆ" ಎಂದರು ಜನ.
ಮರುದಿನದಿಂದ ಕೈ ನಿಧಾನ.
ದಿನಕ್ಕೆ ಐದು ಸುತ್ತುತ್ತಿದ್ದವನು ನಾಲ್ಕು.
ಕಂಕನಾಡಿಯ ಡಾಕ್ಟರು ಎಕ್ಸ್‌ರೇ ತೆಗೆಸಿ
ಬೆಳಕಿಗೆ ಹಿಡಿದು ನೋಡಿದರು. ಎಂತದೂ ಇಲ್ಲ.

ಇದನ್ನು ಅವಳಿಗೆ ಹೇಳಲಿಲ್ಲ.
ಕಂಡೆನ್ಸರ್ ಬದಲಿಸಿದೆ. ಮೋಟರಿನ ಅಂಚಿಗೆ
ಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆದೆ,
ಸುತ್ತು ಎಣಿಸುವ ನಮ್ಮ ಹಳೆಯ ಉಪಾಯ,
ಸ್ವಿಚ್ ಒತ್ತಿದೆ. ಗೀಟು ಮಾಯ, ಬರೇ ಒಂದು ಬೂದು ಉಂಗುರ.
ಆರಿಸಿದ ಮೇಲೆ
ನಿಧಾನ ಆಗುತ್ತ ಆಗುತ್ತ ಮತ್ತೆ ಕಾಣಿಸಿತು:
ಬಂತು, ಹೋಯಿತು. ಬಂತು.

"ನಾವೂ ಇದನ್ನೇ ನೋಡುವುದು ಬಾಬ್" ಎಂದಳು,
ತುಟಿಯಲ್ಲೇ ಎಣಿಸುತ್ತಿದ್ದವಳು.