ಹಲಗೆಯ ಕೀಲಿ

ಹಡರ್ಸ್‌ಫೀಲ್ಡಿನ ಗುಡ್ಡದ ಓರೆಯಲ್ಲಿ
ನಮ್ಮ ಬಾಡಿಗೆ ಪಾತಿಗಳು, ನಲವತ್ತಮೂರು.
ಗೇಟಿನ ಪಕ್ಕ ಗಾಜಿನ ಬಾಗಿಲಿನದೊಂದು ಹಲಗೆ.
ಯಾರು ಬೇಕಾದರೂ ಚೀಟಿ ಚುಚ್ಚಬಹುದಿತ್ತು:
ಕುಂಬಳದ ಸಸಿ ಇದೆ, ಪುಕ್ಕಟೆ.
ಕುದುರೆ ಗೊಬ್ಬರ ಶನಿವಾರ ಬರುತ್ತದೆ.
ಆಮೇಲಾಮೇಲೆ
ಹದಿನೇಳನೇ ಪಾತಿಯವನ ನಾಯಿ, ಅದು ಮಾಡಿದ ಗಲೀಜು,
ಅವನ ದೇಶ, ಅವನ ತಾಯಿ.

ಮಾತು ಆಡಿದರೆ ಹೋಯಿತು, ಅನ್ನುತ್ತಿದ್ದಳು ನಮ್ಮಜ್ಜಿ.
ಇಲ್ಲಿ ಎಲ್ಲಿ ಹೋಗುತ್ತದೆ?
ಮಂಜಿಗೆ ಮುದುರಿ, ಬಿಸಿಲಿಗೆ ಹಳದಿಯಾಗಿ,
ನಾಲ್ಕು ಪಿನ್ನಿನ ಮೇಲೆ ಚಳಿಗಾಲ ಕಳೆಯುತ್ತದೆ.

ಮಾರ್ಚಿನಲ್ಲಿ ಸಭೆ, ತಗಡಿನ ಶೆಡ್ಡಿನೊಳಗೆ, ಯಾರೂ ಕೋಟು ಬಿಚ್ಚದೆ.
ಬೀಗ ಹಾಕೋಣ, ಚೀಟಿಗೊಂದು ಪೆಟ್ಟಿಗೆ ಇಡೋಣ ಎಂದರು.
ಬೀಗಕ್ಕೆ ಆರು ಪೌಂಡು, ಆಗಲಿ.
ಕೀಲಿ ಯಾರ ಜೇಬಿಗೆ?
ಬಾರ್ನಬಿ ಸ್ಟೆಡ್ ಎತ್ತಿದ ಕೈ ಇಳಿಸಲೇ ಇಲ್ಲ,
ಇನ್ನೊಂದು ಕೈಯಲ್ಲಿ ಬರೆದು ತಂದ ಹನ್ನೊಂದು ನಿಯಮ.
ಎವರ್ಟನ್ ನಕ್ಕುಬಿಟ್ಟ: ನನಗೆ ಆ ಬೈಗುಳಗಳೇ ಇಷ್ಟ, ನನ್ನನ್ನು ಬಿಡಿ.
ಟೋಮಾಷ್‌ಗೆ ಎಲ್ಲರೂ ಸರಿ, ಹಾಗಾಗಿ ಅವನೂ ಬೇಡ.
ಯಾರೋ ಓಟು ಅಂದರು. ಯಾರೋ ಚಹಾ ಅಂದರು.

ವಿನಿಫ್ರೆಡ್ ಹ್ಯಾಟರ್ಸ್ಲಿ, ಎಂಬತ್ತೊಂದು ದಾಟಿದವಳು,
ಬಿಸ್ಕತ್ತಿನ ತಟ್ಟೆಯಲ್ಲಿ ಕೀಲಿ ಇಟ್ಟು
ನನ್ನ ಕಡೆ ದೂಡಿದಳು.

ನಾನೇಕೆ? ಎಂಟು ವರ್ಷದಲ್ಲಿ ಬರೆದದ್ದು ಒಂದೇ ಚೀಟಿ,
ಪ್ಲಾಸ್ಟಿಕ್ ಗೂಡಿನಲ್ಲಿ ಮಗುವಿನಂತೆ ಸಾಕಿದ
ಒಂದೇ ಒಂದು ಹೀರೆಕಾಯಿ ಕದ್ದವರ ಕೈ ಸೇದಿಹೋಗಲಿ ಎಂದು.
ಇಂಗ್ಲಿಷಿನಲ್ಲಿ ಅದು ಶಾಪದಂತಿರಲಿಲ್ಲ, ವೈದ್ಯರ ವರದಿಯಂತಿತ್ತು.

"ಓದಿದ್ದೆ," ಎಂದಳು. "ಮಾರನೇ ದಿನ
ಬೆಳಕು ಹರಿಯುವ ಮುಂಚೆ ಟಾರ್ಚು ಹಿಡಿದು ಬಂದು
ನೀನೇ ಕಿತ್ತದ್ದನ್ನೂ ನೋಡಿದೆ."

ಎಲ್ಲರೂ ತಲೆಯಾಡಿಸಿದರು.
ನಾನು ಬಾಯಿಬಿಡಲಿಲ್ಲ:
ಕಿತ್ತದ್ದು ಪಶ್ಚಾತ್ತಾಪಕ್ಕಲ್ಲ,
ಸ್ಪೆಲಿಂಗ್ ತಪ್ಪಿತ್ತು.

ಮೊದಲ ಸೋಮವಾರ ಪೆಟ್ಟಿಗೆಯಲ್ಲಿ ಎರಡು ಚೀಟಿ.
ಈರುಳ್ಳಿ ಗೆಡ್ಡೆ ಮಾರಾಟಕ್ಕಿದೆ.
ಇವಳಿಗೆ ಕೀಲಿ ಕೊಟ್ಟವರು ಯಾರು?
ಎರಡನೆಯದಕ್ಕೆ ಹೆಸರಿಲ್ಲ.
ಹೆಸರಿಲ್ಲದ್ದು ಹಲಗೆಗೆ ಹತ್ತಕೂಡದು, ಇದು ನಾಲ್ಕನೇ ನಿಯಮ,
ಬಾರ್ನಬಿಯದು.
ಅಕ್ಷರವೂ ಅವನದೇ.

ಗ್ಲೌಸು ಬಿಚ್ಚಿ, ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿ ನಿಂತೆ.
ಗಾಜಿನಲ್ಲಿ ನನ್ನ ಮುಖ,
ಮುಖದ ಹಿಂದೆ ಖಾಲಿ ಹಲಗೆ,
ಹಳೆಯ ಪಿನ್ನುಗಳ ತೂತು, ಎಣಿಸಲಾಗದಷ್ಟು.

ಈರುಳ್ಳಿಯದನ್ನು
ಮೊದಲು ಚುಚ್ಚಿದೆ.