ಮೂವತ್ತು ಸೆಕೆಂಡು

ಮುಲುಂಡಿನಲ್ಲಿ ಹನ್ನೊಂದನೆಯ ಮಹಡಿ. ಲಿಫ್ಟು ಕೆಟ್ಟಿತ್ತು.
ಸಬ್‌ವೂಫರಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ಅಪ್ಪಿಕೊಂಡು
ಹತ್ತಿ, ಬಾಗಿಲು ತಟ್ಟಿದಾಗ
ನನ್ನ ಏದುಸಿರೇ ಮೊದಲ ಡೆಮೊ.

"ಮಾತೇ ಕೇಳಿಸೋದಿಲ್ಲಪ್ಪ," ಅಂದರು ಸುಲಭಾ ಕುಡಾಳಕರ್.
"ಪಿಸುಮಾತಿಗೆ ಏರಿಸು, ಬಾಂಬಿಗೆ ಇಳಿಸು,
ರಾತ್ರಿಯಿಡೀ ಹೆಬ್ಬೆರಳು ರಿಮೋಟಿನ ಮೇಲೆ.
ಕೆಳಗಿನ ಪಟವರ್ಧನ ಪೊರಕೆಯ ಹಿಡಿಯಿಂದ
ಸೂರು ಕುಟ್ಟುತ್ತಾನೆ. ಅದು ಮಾತ್ರ ಸ್ಪಷ್ಟ."
ನಗಬಾರದು ಅಂದುಕೊಂಡೆ. ನಕ್ಕೆ.

ವಿಜಾಪುರ ಬಿಟ್ಟು ಲ್ಯಾಮಿಂಗ್ಟನ್ ರೋಡಿನ ಅಂಗಡಿ ಸೇರಿ
ಇಪ್ಪತ್ತೆರಡು ವರ್ಷ. ಊರಿನ ಎಷ್ಟೋ ಹಾಲುಗಳಲ್ಲಿ
ಮಂಡಿಯೂರಿ ವಯರು ಎಳೆದವನು ನಾನು.
ಸೋಫಾಗಳ ಅಡಿಹೊಟ್ಟೆ ಬಲ್ಲೆ:
ಚಿಲ್ಲರೆ, ಬಿ.ಪಿ. ಮಾತ್ರೆ, ಒಂಟಿ ಓಲೆ.
ಡಬ್ಬ ಹೊಸದಾದರೂ ದನಿ ಯಾಕೆ ಹೀಗೆ ಎಂದವರಿಗೆಲ್ಲ
ನನ್ನದು ಒಂದೇ ಉತ್ತರ:
ಸ್ಟ್ರೀಮಿಂಗ್ ಅಂದರೆ ಬಾವಿಯ ನೀರಲ್ಲ, ಟ್ಯಾಂಕರಿನದು.
ದಾರಿಯುದ್ದ ಸೋರಿ ಬಂದಷ್ಟು ಬಂತು.
ಸೋರುವುದೂ ಸಣ್ಣವೇ ಮೊದಲು,
ಸೆರಗಿನ ಸರಬರ,
ಕಡ್ಡಿ ಗೀರಿದ ಮೇಲೆ ಒಂದು ಚೂರು ಉಸಿರು,
ಖಾಲಿ ಕೋಣೆಗೂ ಇರುತ್ತದಲ್ಲ, ಆ ಗುಂಯ್.

"ನಮ್ಮವರು ಮಾಡುತ್ತಿದ್ದುದೇ ಆ ಸಣ್ಣವನ್ನು," ಅಂದರು.

ಮಾಧವ ಕುಡಾಳಕರ್. ಅಂಧೇರಿಯ ಸ್ಟುಡಿಯೋದ ಕತ್ತಲಲ್ಲಿ
ಮೂವತ್ತು ವರ್ಷ ಬೇರೆಯವರ ಹೆಜ್ಜೆ ಹಾಕಿದ ಮನುಷ್ಯ.
ಪರದೆಯ ಮೇಲೆ ನಾಯಕಿ ನಡೆದರೆ ಕೆಳಗೆ ಉಸುಕಿನ ತಟ್ಟೆಯಲ್ಲಿ
ಹೆಂಡತಿಯ ಕೊಲ್ಹಾಪುರಿ ಮೆಟ್ಟಿ ಇವರು.
ಮಳೆಗೆ ಮೊರದಲ್ಲಿ ಸಜ್ಜೆ.
ಮುರಿಯುವ ಎಲುಬಿಗೆ ಮೂಲಂಗಿ,
ರಾತ್ರಿ ಮನೆಯಲ್ಲಿ ಅದೇ ಎಲುಬಿನ ಕೋಸಂಬರಿ.
"ಎರಡು ಜೊತೆ ಚಪ್ಪಲಿ ಹಾಳುಮಾಡಿದರು ನನ್ನವು.
ಆ ಸಿನಿಮಾ ಈಗ ಬಂದಿದೆಯಂತೆ, ಹೊಸ ಸೌಂಡಿನಲ್ಲಿ.
ಮೆಟ್ಟಿಲು ಹತ್ತುವ ಒಂದು ಸೀನು. ಅಷ್ಟು ಕೇಳಿಸಿದರೆ ಸಾಕು."

ಐದು ಮೂಲೆಗೆ ಐದು ಪೆಟ್ಟಿಗೆ ಇಟ್ಟೆ. ಅವರು ಕೂರುವ ಜಾಗದಲ್ಲಿ
ಅವರ ಕಿವಿಯಷ್ಟೇ ಎತ್ತರಕ್ಕೆ ಅಳತೆಯ ಮೈಕು.
"ಮೂವತ್ತು ಸೆಕೆಂಡು ಯಾರೂ ಸದ್ದು ಮಾಡಬಾರದು."
ಕುಕ್ಕರ್ ಕೂಗಿತು.
ಗದ್ದಲ ಹೆಚ್ಚಿದೆ, ಮತ್ತೆ ಪ್ರಯತ್ನಿಸಿ, ಎಂದಿತು ಯಂತ್ರ.
ಎರಡನೆಯ ಸಲ ಕಲ್ಯಾಣ್ ಫಾಸ್ಟ್.
ಮೂರನೆಯ ಸಲಕ್ಕೆ ಅವರೇ ಎದ್ದು ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ,
ಫ್ರಿಜ್ಜಿನ ಪ್ಲಗ್ಗು ಕಿತ್ತು,
ಬಳೆ ಸದ್ದಾಗದಂತೆ ಮೊಣಕೈವರೆಗೂ ಏರಿಸಿಕೊಂಡು
ಕೂತರು.
ಅಂಥ ನಿಶ್ಶಬ್ದವನ್ನು ನಾನು ಈ ಊರಲ್ಲಿ ಅಳೆದದ್ದಿಲ್ಲ.

ಹಚ್ಚಿದೆ. ಹೆಜ್ಜೆ ಬಂತು:
ಎಡಕ್ಕೆ ಹುಟ್ಟಿ ಬಲಕ್ಕೆ ಹೊರಳಿ, ತಲೆಯ ಹಿಂದೆ ಸುತ್ತಿ
ಟಪ್, ಟಪ್, ಟಪ್, ತೊಳೆದಿಟ್ಟ ಲೋಟದ ಹಾಗೆ.
ನನಗೆ ಹೆಮ್ಮೆ.
ಅವರು ತಲೆಯಾಡಿಸಿದರು. "ಇದು ಬೇರೆ ಯಾರದೋ ಕಾಲು.
ಇವರ ಎಡಗಾಲು ಸಾಸಿವೆಯಷ್ಟು ತಡ.
ಡೈರೆಕ್ಟರು ಬೈದು ಬೈದು, ಕೊನೆಗೆ ಹಾಗೇ ಬಿಟ್ಟಿದ್ದರು."
ಹಳೆಯ ಟ್ರ್ಯಾಕು ಇದೆಯೋ ಎಂದು ಸೆಟ್ಟಿಂಗೆಲ್ಲ ಕೆದಕಿದೆ.
ಏಳು ಭಾಷೆಯಲ್ಲಿತ್ತು ಸಿನಿಮಾ. ಅದು ಇರಲಿಲ್ಲ.

ನಡುವಿನ ಸ್ಪೀಕರು ಮೂರು ಪಾಯಿಂಟು ಏರಿಸಿ ಕೊಟ್ಟೆ.
"ಮಾತು ಈಗ ಚೆನ್ನಾಗಿ ಕೇಳಿಸುತ್ತೆ," ಅಂದರು, ನ್ಯಾಯವಂತೆ.
ಹಣ ಎಣಿಸಿ, ಬಾಗಿಲವರೆಗೂ ಬಂದು, ಅಲ್ಲೇ ನಿಂತರು.

ಲಿಫ್ಟು ಇನ್ನೂ ಕೆಟ್ಟೇ ಇತ್ತು.
ನಾಕು ಮೆಟ್ಟಿಲು ಇಳಿದಿದ್ದೆ, ಬಾಗಿಲು ಮುಚ್ಚಿದ ಸದ್ದಿಲ್ಲ.
ಯಾಕೋ ಗೊತ್ತಿಲ್ಲ,
ಎಡಗಾಲನ್ನು ಸ್ವಲ್ಪ ಹಿಂದೆ ಉಳಿಸಿ ಎಳೆದೆ.
ಟಪ್. ಸ್ರ್ರ್, ಟಪ್.
ಹತ್ತನೆಯ ಮಹಡಿಯಲ್ಲಿ ಪಟವರ್ಧನ ಇಣುಕಿ
"ಕಾಲಿಗೇನಾಯಿತು?" ಎಂದು ಬಾಯಿ ತೆರೆಯುವಷ್ಟರಲ್ಲಿ
ತುಟಿಗೆ ಬೆರಳಿಟ್ಟು ತೋರಿಸಿದೆ:
ಮೂವತ್ತು ಸೆಕೆಂಡು.